ಗ್ಯಾಸ್ಟ್ರಿಕ್ ಮಾತ್ರೆಗೆ ಜೆನೆರಿಕ್ ಪೈಪೋಟಿ ಬಂದಾಗ ಮಾರುಕಟ್ಟೆಯ ಲೆಕ್ಕ ಹಾಕುವುದು ಹೇಗೆ?

ಔಷಧ ಕಂಪನಿಯ ಷೇರು ಕೊಳ್ಳುವವರಾಗಲಿ, ಬಿ.ಫಾರ್ಮ ಮುಗಿಸಿ ಮಾರ್ಕೆಟಿಂಗ್ ಕಡೆ ಹೊರಳಿದವರಾಗಲಿ, ಒಂದು ಮಾತ್ರೆಗೆ ಜೆನೆರಿಕ್ (ಬೇರೆ ಕಂಪನಿ ತಯಾರಿಸುವ ಅದೇ ಔಷಧದ ಅಗ್ಗದ ರೂಪ) ಬರಲಿದೆ ಎಂದ ಕೂಡಲೇ ಹುಡುಕುವುದು ಪೇಟೆಂಟ್ ಮುಗಿಯುವ ತಾರೀಖನ್ನು. ಆ ಒಂದು ತಾರೀಖಿನ ಮೇಲೆ ಕಟ್ಟಿದ ಲೆಕ್ಕ ಬಹಳ ಸಲ ಕೈಕೊಡುತ್ತದೆ. ಹೊಟ್ಟೆಹುಣ್ಣಿನ ಮಾತ್ರೆಗಳಲ್ಲಂತೂ ಇದು ಮತ್ತೆ ಮತ್ತೆ ಆಗಿದೆ. ನೋಡಬೇಕಾದ್ದು ಎರಡು ಸಂಗತಿ: ಜೆನೆರಿಕ್ ಮಾತ್ರೆ ನಿಜವಾಗಿ ಅಂಗಡಿಗೆ ಬರುವ ದಿನ ಯಾವುದು, ಮತ್ತು ಅದು ಬರುವಷ್ಟರಲ್ಲಿ ರೋಗಿಗಳು ಇನ್ನೂ ಅದೇ ಮಾತ್ರೆ ನುಂಗುತ್ತಿರುತ್ತಾರೆಯೇ. ಕೆಳಗಿನ ಉದಾಹರಣೆಗಳು ಹೆಚ್ಚಿನವು ಅಮೆರಿಕದವು. ದಾಖಲೆಗಳು ತೆರೆದಿರುವುದು ಅಲ್ಲಿ, ದುಡ್ಡು ದೊಡ್ಡದಿರುವುದು ಅಲ್ಲಿ, ನಮ್ಮ ಕಂಪನಿಗಳು ಕೋರ್ಟು ಹತ್ತುವುದೂ ಅಲ್ಲೇ. ಭಾರತದ ಲೆಕ್ಕವೇ ಬೇರೆ, ಅದನ್ನು ಕೊನೆಗೆ ನೋಡೋಣ.

ಮೊದಲು ಆರೆಂಜ್ ಬುಕ್ ತೆರೆಯಿರಿ

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಡೆಸುವ, ಅನುಮತಿ ಪಡೆದ ಔಷಧಗಳ ಆರೆಂಜ್ ಬುಕ್ ಎಂಬ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಬ್ರಾಂಡ್ ಹೆಸರಿನ ಬದಲು ಔಷಧದ ರಾಸಾಯನಿಕ ಹೆಸರು ಹಾಕಿ ಹುಡುಕಿ. ಆಗ ಒಂದೇ ಔಷಧದ ಕ್ಯಾಪ್ಸೂಲ್, ಮಾತ್ರೆ, ಇಂಜೆಕ್ಷನ್, ಡಾಕ್ಟರ ಚೀಟಿಯಿಲ್ಲದೆ ಕೊಳ್ಳುವ ರೂಪ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಕಾಣುತ್ತವೆ. ಪ್ರತಿ ಶಕ್ತಿಗೂ (10, 20, 40 ಮಿ.ಗ್ರಾಂ) ಬೇರೆ ಸಾಲು ಇರುತ್ತದೆ. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಮತ್ತು ಅದರ ಲವಣವಾದ ಒಮೆಪ್ರಜೋಲ್ ಮೆಗ್ನೀಸಿಯಂ ಎರಡೂ ಒಂದೇ ಎಂದು ಸೇರಿಸಿಬಿಟ್ಟರೆ ಲೆಕ್ಕ ಅಲ್ಲೇ ಕೆಟ್ಟಿತು.

ಪ್ರತಿ ಸಾಲಿನ ಹಿಂದೆ ಪೇಟೆಂಟುಗಳ ಪಟ್ಟಿ ಇರುತ್ತದೆ. ಅದರಲ್ಲಿ ಮೂರು ಬಗೆ ಗುರುತಿಸಿ: ಔಷಧ ವಸ್ತುವಿನ ಪೇಟೆಂಟ್, ತಯಾರಿಕೆಯ ರೂಪದ ಪೇಟೆಂಟ್, ಬಳಕೆಯ ಪೇಟೆಂಟ್. ಇವನ್ನು ಒಂದು ಹಾಳೆಯಲ್ಲಿ ಇಳಿಸಿಕೊಳ್ಳಿ. ನಂಬರು, ಬಗೆ, ಮುಗಿಯುವ ದಿನ, ಕೋರ್ಟಿನಲ್ಲಿ ಏನಾಯಿತು ಎಂಬ ನಾಲ್ಕು ಕಲಂ ಸಾಕು. ಮಕ್ಕಳ ಮೇಲೆ ಅಧ್ಯಯನ ಮಾಡಿದ್ದಕ್ಕೆ ಸಿಗುವ 6 ತಿಂಗಳ ಹೆಚ್ಚುವರಿ ಅವಧಿ ಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಬರುತ್ತದೆ, ಅವಸರದಲ್ಲಿ ಕಣ್ಣು ತಪ್ಪುವುದು ಅದೇ. ಅಮೆರಿಕದಲ್ಲಿ ಪ್ರಿಲೋಸೆಕ್ ಎಂಬ ಹೆಸರಿನ ಒಮೆಪ್ರಜೋಲ್‌ನ ಮೂಲ ಪೇಟೆಂಟ್ 2001ರ ಏಪ್ರಿಲ್ 5ಕ್ಕೆ ಮುಗಿಯಬೇಕಿತ್ತು. ಆ ಆರು ತಿಂಗಳು ಸೇರಿ ಅದು ಅಕ್ಟೋಬರ್ 5ಕ್ಕೆ ಹೋಯಿತು. ವರ್ಷಕ್ಕೆ ಶತಕೋಟಿಗಟ್ಟಲೆ ಡಾಲರ್ ವಹಿವಾಟಿರುವ ಮಾತ್ರೆಗೆ ಆರು ತಿಂಗಳು ಸಣ್ಣ ಮಾತಲ್ಲ.

ಪೇಟೆಂಟಿನ ಪಕ್ಕದಲ್ಲೇ ಎಫ್‌ಡಿಎ ತಾನೇ ಕೊಡುವ ಏಕಸ್ವಾಮ್ಯದ ಅವಧಿಯ ಪಟ್ಟಿಯೂ ಇರುತ್ತದೆ. ಇದು ಪೇಟೆಂಟಿಗೆ ಸಂಬಂಧವಿಲ್ಲದ ಇನ್ನೊಂದು ಬೇಲಿ. ಹೊಸ ರಾಸಾಯನಿಕಕ್ಕೆ ಸಾಮಾನ್ಯವಾಗಿ 5 ವರ್ಷ. ಆಮ್ಲ ತಗ್ಗಿಸುವ ಹೊಸ ತಲೆಮಾರಿನ ಔಷಧ ವೊನೊಪ್ರಜಾನ್ ನೋಡಿ. ಅದಕ್ಕೆ ಹೊಟ್ಟೆಹುಣ್ಣು ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಸೋಂಕಿನ ಔಷಧ ಎಂಬ ಕಾರಣಕ್ಕೆ ಇನ್ನೂ 5 ವರ್ಷ ಸಲ್ಲುತ್ತದೆಯೇ ಎಂಬ ವಾದ ನಡೆದು, 2025ರಲ್ಲಿ ಎಫ್‌ಡಿಎ ತನ್ನ ಪಟ್ಟಿಯನ್ನು ತಿದ್ದಿ 2032ರ ಮೇ ತಿಂಗಳವರೆಗೆ ಎಂದು ನಮೂದಿಸಿತು. ಪೇಟೆಂಟ್ ಕಲಂ ಒಂದನ್ನೇ ನೋಡಿದವರಿಗೆ ಇದು ಕಾಣುತ್ತಲೇ ಇರಲಿಲ್ಲ.

ನಿಜವಾದ ಗೋಡೆ ಯಾವುದು?

ಮೂಲ ರಾಸಾಯನಿಕದ ಪೇಟೆಂಟ್ ಮುಗಿದರೂ ಜೆನೆರಿಕ್ ಬಾರದಿರುವುದಕ್ಕೆ ಹೆಚ್ಚಾಗಿ ಕಾರಣ ತಯಾರಿಕೆಯ ಪೇಟೆಂಟ್. ಒಮೆಪ್ರಜೋಲ್ ಆಮ್ಲಕ್ಕೆ ಸಿಕ್ಕರೆ ಹಾಳಾಗುವ ವಸ್ತು. ಅದು ಹೊಟ್ಟೆ ದಾಟಿ ಕರುಳಿನಲ್ಲೇ ಬಿಚ್ಚಿಕೊಳ್ಳಬೇಕು, ಅದಕ್ಕೆ ಹೊರಗೊಂದು ಲೇಪ ಬೇಕು. ಆದರೆ ಆ ಲೇಪವೇ ಆಮ್ಲೀಯ. ಔಷಧ ಕೆಡದಿರಲಿ ಎಂದು ಒಳಗೆ ಕ್ಷಾರ ಬೆರೆಸಿದರೆ ಆ ಕ್ಷಾರ ಲೇಪವನ್ನು ತಿನ್ನುತ್ತದೆ. ಹಾಗಾಗಿ ಎರಡರ ನಡುವೆ ಇನ್ನೊಂದು ತೆಳು ಪದರ. ಈ ಮೂರು ಪದರದ ರಚನೆಯ ಮೇಲೆ ಒಮೆಪ್ರಜೋಲ್‌ನ ಮೂಲ ಕಂಪನಿ ಆಸ್ಟ್ರಾ (ಮುಂದೆ ಆಸ್ಟ್ರಾಜೆನೆಕಾ) ಬೇರೆ ಪೇಟೆಂಟ್ ಪಡೆದಿತ್ತು, ಅದರ ಅವಧಿ 2007ರವರೆಗೆ.

ಜೆನೆರಿಕ್ ಕಂಪನಿಗಳು ಕೋರ್ಟಿಗೆ ಹೋದವು. 2002ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಆಂಡ್ರ್‌ಎಕ್ಸ್, ಜೆನ್‌ಫಾರ್ಮ್ ಮತ್ತು ಡಾ. ರೆಡ್ಡೀಸ್ ಗುಂಪಿನ ಚೆಮಿನಾರ್ ಪೇಟೆಂಟ್ ಉಲ್ಲಂಘಿಸಿವೆ ಎಂದಿತು. ಜರ್ಮನಿಯ ಷ್ವಾರ್ಜ್ ಫಾರ್ಮಾದ ಕುಡ್ಕೊ ಮಾತ್ರ ಉಲ್ಲಂಘಿಸಿಲ್ಲ ಎಂದು ತೀರ್ಪು ಬಂತು. ಮೊದಲು ಅರ್ಜಿ ಹಾಕಿದವರಿಗೆ ಸಿಗುವ ಹಕ್ಕು (ಅದರ ವಿವರ ಮುಂದಿದೆ) ಆಂಡ್ರ್‌ಎಕ್ಸ್ ಮತ್ತು ಜೆನ್‌ಫಾರ್ಮ್ ಕೈಯಲ್ಲಿತ್ತು, ಮಾರಬಲ್ಲ ಮಾತ್ರೆ ಕುಡ್ಕೊ ಕೈಯಲ್ಲಿತ್ತು. ಲಾಭದಲ್ಲಿ ಪಾಲು ಪಡೆದು ಅವರಿಬ್ಬರೂ ಹಕ್ಕು ಬಿಟ್ಟುಕೊಟ್ಟರು. 2002ರ ಡಿಸೆಂಬರಿನಲ್ಲಿ ಜೆನೆರಿಕ್ ಅಂಗಡಿಗೆ ಬಂತು. ತಾರೀಖು ನಂಬಿದವರ ಲೆಕ್ಕಕ್ಕಿಂತ 14 ತಿಂಗಳು ತಡವಾಗಿ, ಅದೂ ಯಾರೂ ಮೊದಲ ಸಾಲಿನಲ್ಲಿ ಇಟ್ಟಿರದ ಕಂಪನಿಯಿಂದ.

ಹರಳಿನ ರೂಪವೂ ಇಂಥದ್ದೇ ಗೋಡೆ. ಗ್ಲಾಕ್ಸೊದ ಜಾಂಟ್ಯಾಕ್, ಅಂದರೆ ರಾನಿಟಿಡಿನ್, ಎರಡು ಹರಳು ರೂಪಗಳಲ್ಲಿ ಸಿಗುವ ವಸ್ತು. ಎರಡನೆಯ ರೂಪದ ಪೇಟೆಂಟ್ 2002ರವರೆಗೆ ಇತ್ತು, ಕಂಪನಿ ಮಾರುತ್ತಿದ್ದದ್ದೂ ಅದನ್ನೇ. ಆದರೆ ಮೊದಲ ರೂಪದಲ್ಲಿ ತಯಾರಿಸಿದ ಜೆನೆರಿಕ್ 1997ರಲ್ಲೇ ಒಳಗೆ ಬಂತು. ಆದ್ದರಿಂದ ಪ್ರತಿ ಪೇಟೆಂಟಿನ ಮುಂದೆ ಒಂದು ಪ್ರಶ್ನೆ ಬರೆದುಕೊಳ್ಳಿ: ಇದನ್ನು ಸುತ್ತಿ ಹೋಗಲು ದಾರಿ ಇದೆಯೇ? ವಸ್ತುವಿನ ಪೇಟೆಂಟಿಗೆ ದಾರಿ ಇಲ್ಲ. ರೂಪದ ಪೇಟೆಂಟಿಗೆ ಬಹಳ ಸಲ ಇರುತ್ತದೆ.

ಸರದಿಯಲ್ಲಿ ಯಾರಿದ್ದಾರೆ, ಕಾರ್ಖಾನೆ ಹೇಗಿದೆ?

1984ರ ಹ್ಯಾಚ್-ವ್ಯಾಕ್ಸ್‌ಮನ್ ಕಾಯ್ದೆಯ ನಿಯಮ ಸರಳ. ‘ನಿಮ್ಮ ಪೇಟೆಂಟ್ ಸಿಂಧುವಲ್ಲ, ಇಲ್ಲವೇ ನಾವು ಅದನ್ನು ಮುಟ್ಟಿಲ್ಲ’ ಎಂದು ಜೆನೆರಿಕ್ ಕಂಪನಿ ಅರ್ಜಿ ಹಾಕಿದರೆ ಅದಕ್ಕೆ ಪ್ಯಾರಾಗ್ರಾಫ್ 4 ಅರ್ಜಿ ಎನ್ನುತ್ತಾರೆ. ನೋಟಿಸ್ ಸಿಕ್ಕ 45 ದಿನದೊಳಗೆ ಮೂಲ ಕಂಪನಿ ದಾವೆ ಹೂಡಿದರೆ ಎಫ್‌ಡಿಎ ಅನುಮತಿ 30 ತಿಂಗಳು ತಡೆಹಿಡಿಯಲ್ಪಡುತ್ತದೆ. ಮೊದಲು ಅರ್ಜಿ ಹಾಕಿದವರಿಗೆ ಮಾರಾಟ ಶುರುವಾದ ದಿನದಿಂದ 180 ದಿನ ಬೇರೆ ಜೆನೆರಿಕ್ ಪೈಪೋಟಿ ಇರುವುದಿಲ್ಲ. ಒಂದೇ ದಿನ ಹಲವರು ಹಾಕಿದ್ದರೆ ಆ 180 ದಿನವನ್ನು ಎಲ್ಲರೂ ಹಂಚಿಕೊಳ್ಳಬೇಕು. ಮೊದಲ ಅರ್ಜಿ ಬಿದ್ದ ತಾರೀಖು ಎಫ್‌ಡಿಎ ಪ್ಯಾರಾಗ್ರಾಫ್ 4 ಪಟ್ಟಿಯಲ್ಲಿರುತ್ತದೆ. ಅರ್ಜಿದಾರರ ಹೆಸರು ಅಲ್ಲಿ ಇರುವುದಿಲ್ಲ, ಅದನ್ನು ದಾವೆಯ ದಾಖಲೆಯಿಂದಲೋ ಮೂಲ ಕಂಪನಿಯ ವಾರ್ಷಿಕ ವರದಿಯಿಂದಲೋ ಹೆಕ್ಕಬೇಕು.

ಹೆಸರು ಸಿಕ್ಕ ಮೇಲೆ ನಿಲ್ಲಬೇಡಿ. ಆ ಕಂಪನಿ ಯಾವ ಘಟಕದಲ್ಲಿ ತಯಾರಿಸುತ್ತದೆ, ಆ ಘಟಕಕ್ಕೆ ಎಫ್‌ಡಿಎ ಎಚ್ಚರಿಕೆ ಪತ್ರ ಅಥವಾ ಆಮದು ತಡೆ ಇದೆಯೇ ನೋಡಿ. ನೆಕ್ಸಿಯಂ, ಅಂದರೆ ಇಸೊಮೆಪ್ರಜೋಲ್, ಈ ಪಾಠವನ್ನು ದುಬಾರಿಯಾಗಿ ಕಲಿಸಿತು. ಆಸ್ಟ್ರಾಜೆನೆಕಾ ಜತೆಗಿನ 2008ರ ರಾಜಿ ಒಪ್ಪಂದದಂತೆ ರ‍್ಯಾನ್‌ಬಾಕ್ಸಿ 2014ರ ಮೇ 27ರಂದು ಮಾರಾಟ ಶುರು ಮಾಡಬಹುದಿತ್ತು. ಅಷ್ಟರಲ್ಲಿ ಅದರ ಮೊಹಾಲಿ ಮತ್ತು ತೋನ್ಸಾ ಘಟಕಗಳಿಗೆ ಆಮದು ತಡೆ ಬಿದ್ದಿತ್ತು. ಆ ದಿನ ಜೆನೆರಿಕ್ ಬರಲೇ ಇಲ್ಲ. ಬಂದದ್ದು ಫೈಜರ್‌ನ ಚೀಟಿಯಿಲ್ಲದ ನೆಕ್ಸಿಯಂ! ನವೆಂಬರಿನಲ್ಲಿ ಎಫ್‌ಡಿಎ ರ‍್ಯಾನ್‌ಬಾಕ್ಸಿಗೆ ಕೊಟ್ಟಿದ್ದ ತಾತ್ಕಾಲಿಕ ಅನುಮತಿಯನ್ನೂ ಹಿಂತೆಗೆದುಕೊಂಡಿತು. 2015ರ ಜನವರಿಯಲ್ಲಿ ಅನುಮತಿ ಸಿಕ್ಕಿದ್ದು ಟೆವಾಕ್ಕೆ. ಪೇಟೆಂಟ್, ಒಪ್ಪಂದ, ತಾರೀಖು ಎಲ್ಲ ಸರಿಯಾಗಿ ಓದಿದವರೂ ಇಲ್ಲಿ ಎಡವಿದರು.

ಕೋರ್ಟಿನ ತೀರ್ಪು ಬರುವ ಮುನ್ನವೇ ಮಾರಾಟಕ್ಕೆ ಇಳಿಯುವ ಧೈರ್ಯವೂ ಕೆಲವರಿಗಿದೆ. ಪ್ಯಾಂಟೊಪ್ರಜೋಲ್‌ನಲ್ಲಿ ಹಾಗೇ ಆಯಿತು. ಟೆವಾ 2007ರ ಡಿಸೆಂಬರಿನಲ್ಲಿ, ಸನ್ ಫಾರ್ಮಾ 2008ರ ಜನವರಿಯಲ್ಲಿ ಮಾತ್ರೆ ಇಳಿಸಿದವು. ಮೂಲ ಕಂಪನಿ ವೈಯತ್ ಕೈಕಟ್ಟಿ ಕೂರದೆ ಅದೇ ಜನವರಿಯಲ್ಲಿ ತನ್ನದೇ ಮಾತ್ರೆಯನ್ನು ಜೆನೆರಿಕ್ ಹೆಸರಲ್ಲಿ ಬಿಟ್ಟಿತು. 2010ರ ಏಪ್ರಿಲಿನಲ್ಲಿ ಜ್ಯೂರಿ ಪೇಟೆಂಟ್ ಸಿಂಧು ಎಂದಿತು. 2013ರ ರಾಜಿಯಲ್ಲಿ ಟೆವಾ 160 ಕೋಟಿ ಡಾಲರ್, ಸನ್ 55 ಕೋಟಿ ಡಾಲರ್ ಪರಿಹಾರ ಕೊಟ್ಟವು. ಪರಿಹಾರ ಎಷ್ಟೆಂದು ಅಂದಾಜಿಸುವಾಗ ಜೆನೆರಿಕ್ ಕಂಪನಿಯ ಲಾಭ ನೋಡಬೇಡಿ, ಮೂಲ ಕಂಪನಿಯ ನಷ್ಟ ನೋಡಿ. ಜೆನೆರಿಕ್ ಅಗ್ಗ, ಬ್ರಾಂಡ್ ದುಬಾರಿ. ಹಾಗಾಗಿ ಗಳಿಸಿದ್ದಕ್ಕಿಂತ ತೆರಬೇಕಾದ್ದು ಹೆಚ್ಚಾಗಬಹುದು. ಇಂಥ ಮಾರಾಟದಿಂದ ಬಂದ ಲಾಭವನ್ನು ಒಂದು ಕಂಪನಿ ತನ್ನ ತ್ರೈಮಾಸಿಕದಲ್ಲಿ ತೋರಿಸಿದರೆ, ಸಂಭವನೀಯ ಹೊಣೆ ಎಂಬ ಟಿಪ್ಪಣಿಯನ್ನು ಮೊದಲು ಓದಿ.

ಬೆಲೆ ಎಷ್ಟು ಬೀಳುತ್ತದೆ: ಒಂದು ಲೆಕ್ಕ

ಎಫ್‌ಡಿಎ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ಕೆಲಸಕ್ಕೆ ಒಳ್ಳೆಯ ಅಳತೆಗೋಲು. ಜೆನೆರಿಕ್ ಬರುವ ಮುಂಚಿನ ಬ್ರಾಂಡ್ ಬೆಲೆಗೆ ಹೋಲಿಸಿದರೆ, ಒಬ್ಬನೇ ಜೆನೆರಿಕ್ ತಯಾರಕನಿದ್ದಾಗ ಬೆಲೆ 39% ಕಡಿಮೆ, ಇಬ್ಬರಿದ್ದರೆ 54%, ನಾಲ್ವರಿದ್ದರೆ 79%, ಆರು ಅಥವಾ ಹೆಚ್ಚು ಮಂದಿಯಿದ್ದರೆ 95%ಕ್ಕೂ ಮಿಕ್ಕಿ. ಅಂದರೆ ಬೆಲೆಯನ್ನು ಬೀಳಿಸುವುದು ಪೇಟೆಂಟ್ ಮುಗಿಯುವುದಲ್ಲ, ತಯಾರಕರ ಸಂಖ್ಯೆ.

ಲೆಕ್ಕಕ್ಕೆಂದು ಒಂದು ಕಾಲ್ಪನಿಕ ಕ್ಯಾಪ್ಸೂಲ್ ಇಟ್ಟುಕೊಳ್ಳಿ. ತಿಂಗಳಿಗೆ 1 ಕೋಟಿ ಮಾರಾಟ, ರಿಯಾಯಿತಿ ಕಳೆದು ಕೈಗೆ ಬರುವುದು ಒಂದಕ್ಕೆ 4 ಡಾಲರ್. ಬ್ರಾಂಡಿನ ತಿಂಗಳ ವಹಿವಾಟು 4 ಕೋಟಿ ಡಾಲರ್. ಮೊದಲ 180 ದಿನ ಒಬ್ಬನೇ ಜೆನೆರಿಕ್, 80% ಚೀಟಿಗಳು ಅವನ ಕಡೆ ಹೋದವು ಎನ್ನೋಣ. 80 ಲಕ್ಷ ಕ್ಯಾಪ್ಸೂಲ್, ತಲಾ 2.44 ಡಾಲರ್, ತಿಂಗಳಿಗೆ 1.95 ಕೋಟಿ ಡಾಲರ್. 180 ದಿನ ಮುಗಿದ ಮೇಲೆ ಏಳು ಕಂಪನಿ ಬಂದವು, ಬೆಲೆ 20 ಸೆಂಟಿಗೆ ಇಳಿಯಿತು, 90% ಚೀಟಿ ಜೆನೆರಿಕ್ ಆಯಿತು. 90 ಲಕ್ಷವನ್ನು ಏಳರಿಂದ ಭಾಗಿಸಿ: ಒಬ್ಬೊಬ್ಬರಿಗೆ ಸುಮಾರು 12.9 ಲಕ್ಷ ಕ್ಯಾಪ್ಸೂಲ್, ತಿಂಗಳಿಗೆ ಬರೀ 2.6 ಲಕ್ಷ ಡಾಲರ್. ಮೊದಲ ಕಂಪನಿಯ ಆದಾಯ ಆರು ತಿಂಗಳಲ್ಲಿ ನೂರಕ್ಕೆ ಒಂದೂವರೆ ಪಾಲಿಗಿಂತ ಕೆಳಗೆ ಇಳಿಯಿತು. ‘ಏಕಸ್ವಾಮ್ಯದ ಅವಧಿಯ ಮಾರಾಟ’ದಿಂದ ಉಬ್ಬಿದ ತ್ರೈಮಾಸಿಕವನ್ನು ನಾಲ್ಕರಿಂದ ಗುಣಿಸಿ ವರ್ಷದ ಲಾಭ ಕಟ್ಟುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಮೂಲ ಕಂಪನಿ ತನ್ನದೇ ಜೆನೆರಿಕ್ ಬಿಟ್ಟರೆ? ಅದಕ್ಕೆ ಅಧಿಕೃತ ಜೆನೆರಿಕ್ ಎನ್ನುತ್ತಾರೆ. 180 ದಿನದ ತಡೆ ಅದಕ್ಕೆ ಅನ್ವಯಿಸುವುದಿಲ್ಲ. ಮೇಲಿನ ಎಫ್‌ಡಿಎ ಸಂಖ್ಯೆಗಳನ್ನು ಯಾಂತ್ರಿಕವಾಗಿ ಹಾಕಿದರೆ ಬೆಲೆ 1.84ಕ್ಕೆ ಇಳಿದು, ಮಾರಾಟ ಅರ್ಧವಾಗಿ, ಮೊದಲ ಜೆನೆರಿಕ್‌ನ ಆದಾಯ 62% ಬೀಳಬೇಕು. ಆದರೆ ವ್ಯಾಪಾರದ ಪೈಪೋಟಿ ಕಾಯುವ ಅಮೆರಿಕದ ಸಂಸ್ಥೆ ಎಫ್‌ಟಿಸಿ 2011ರಲ್ಲಿ ಅಧ್ಯಯನ ಮಾಡಿ ಕಂಡದ್ದು 40ರಿಂದ 52%. ಆ ಆರು ತಿಂಗಳಲ್ಲಿ ಇಬ್ಬರೇ ಇರುವುದರಿಂದ ಯಾರಿಗೂ ಬೆಲೆ ಮುರಿಯುವ ಅವಸರವಿಲ್ಲ, ಇಬ್ಬರೂ ಪಾಲು ಹಂಚಿಕೊಂಡು ಸುಮ್ಮನಿರುತ್ತಾರೆ. ಆದ್ದರಿಂದ 180 ದಿನದೊಳಗೆ ಎಫ್‌ಟಿಸಿ ಸಂಖ್ಯೆ, ಆಮೇಲೆ ಎಫ್‌ಡಿಎ ಸಂಖ್ಯೆ ಬಳಸುವುದು ವಾಸಿ.

ಅಂದಾಜು ಸರಿಯೇ ಎಂದು ತಾಳೆ ನೋಡಲು ದುಡ್ಡು ಕೊಟ್ಟು ದತ್ತಾಂಶ ಕೊಳ್ಳಬೇಕಿಲ್ಲ. ಔಷಧದಂಗಡಿಗಳು ನಿಜವಾಗಿ ಕೊಂಡ ಬೆಲೆಯ ಸರಾಸರಿಯನ್ನು ಅಮೆರಿಕ ಸರ್ಕಾರ ‘ನಾಡಾಕ್’ ಹೆಸರಲ್ಲಿ ವಾರವಾರ ಪ್ರಕಟಿಸುತ್ತದೆ. ಬಡವರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಮೆಡಿಕೇಡ್ ಆರೋಗ್ಯ ಯೋಜನೆಯಲ್ಲಿ ಯಾವ ಕಂಪನಿಯ ಎಷ್ಟು ಮಾತ್ರೆ ಹೋಯಿತು ಎಂಬುದು ತ್ರೈಮಾಸಿಕವಾಗಿ ಸಿಗುತ್ತದೆ. ಪಟ್ಟಿ ಬೆಲೆಯನ್ನು ಮಾತ್ರ ನಂಬಬೇಡಿ. ಬ್ರಾಂಡ್ ಕಂಪನಿಗಳು ವಿಮಾ ಮಧ್ಯವರ್ತಿಗಳಿಗೆ ದೊಡ್ಡ ರಿಯಾಯಿತಿ ಕೊಡುತ್ತವೆ. 4 ಡಾಲರ್ ಎಂದುಕೊಂಡದ್ದು 2 ಡಾಲರ್ ಆಗಿದ್ದರೆ ಮೇಲಿನ ಲೆಕ್ಕವೆಲ್ಲ ಅರ್ಧಕ್ಕೆ ಕುಸಿಯುತ್ತದೆ.

ಮೂಲ ಕಂಪನಿ ಏನು ಮಾಡುತ್ತದೆ?

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಅಮೆರಿಕದ ಅಂಗಡಿಯವನು ಡಾಕ್ಟರನ್ನು ಕೇಳದೆ ಬ್ರಾಂಡ್ ಬದಲು ಜೆನೆರಿಕ್ ಕೊಡಬಹುದು, ಆದರೆ ಅದೇ ಔಷಧ, ಅದೇ ರೂಪ, ಅದೇ ಶಕ್ತಿ ಇದ್ದರೆ ಮಾತ್ರ. ಚೀಟಿಯಲ್ಲಿ ನೆಕ್ಸಿಯಂ ಎಂದಿದ್ದರೆ ಜೆನೆರಿಕ್ ಒಮೆಪ್ರಜೋಲ್ ಕೊಡುವಂತಿಲ್ಲ. ಮೂಲ ಕಂಪನಿಯ ಆಟವೆಲ್ಲ ಈ ನಿಯಮದ ಸುತ್ತ. ಜೆನೆರಿಕ್ ಬರುವ ಮುಂಚೆಯೇ ಚೀಟಿಯ ಮೇಲಿನ ಹೆಸರನ್ನು ಬದಲಾಯಿಸಿಬಿಟ್ಟರೆ, ಬಂದ ಜೆನೆರಿಕ್‌ಗೆ ಚೀಟಿಯೇ ಇರುವುದಿಲ್ಲ.

ಆಸ್ಟ್ರಾಜೆನೆಕಾ ಮಾಡಿದ್ದು ಅದನ್ನೇ. ಒಮೆಪ್ರಜೋಲ್ ಎರಡು ಪ್ರತಿಬಿಂಬ ಅಣುಗಳ ಮಿಶ್ರಣ. ಅವುಗಳಲ್ಲಿ ಒಂದನ್ನು ಬೇರ್ಪಡಿಸಿ ಇಸೊಮೆಪ್ರಜೋಲ್ ಎಂದು ಹೊಸ ಪೇಟೆಂಟಿನೊಂದಿಗೆ 2001ರ ಫೆಬ್ರವರಿಯಲ್ಲಿ ಅನುಮತಿ ಪಡೆಯಿತು. ಜೆನೆರಿಕ್ ಒಮೆಪ್ರಜೋಲ್ ಬಂದದ್ದು 2002ರ ಡಿಸೆಂಬರಿನಲ್ಲಿ. ನಡುವಿನ ಸುಮಾರು 22 ತಿಂಗಳು ಕಂಪನಿಯ ರೆಪ್‌ಗಳು (ಮಾರಾಟ ಪ್ರತಿನಿಧಿಗಳು) ಡಾಕ್ಟರುಗಳ ಮುಂದೆ ನೆಕ್ಸಿಯಂನ ನೇರಳೆ ಕ್ಯಾಪ್ಸೂಲ್ ಇಟ್ಟರು. ಕೋರ್ಟಿನ ವಿಳಂಬ ತಂದ ನಿಜವಾದ ಲಾಭ ಈ ಸಮಯವೇ ಹೊರತು ಪ್ರಿಲೋಸೆಕ್‌ನ ಮಾರಾಟವಲ್ಲ. 2003ರ ಸೆಪ್ಟೆಂಬರಿನಲ್ಲಿ ಪಿ ಆ್ಯಂಡ್ ಜಿ ಮೂಲಕ ಚೀಟಿಯಿಲ್ಲದ ಪ್ರಿಲೋಸೆಕ್ ಕೂಡ ಬಂತು. ಆಗ ಹಳೆಯ ಒಮೆಪ್ರಜೋಲ್‌ಗೆ ಬೇಡಿಕೆ ಎರಡೂ ಕಡೆಯಿಂದ ಸೋರಿತು: ವಿಮೆ ಇದ್ದವರು ನೆಕ್ಸಿಯಂಗೆ, ಇಲ್ಲದವರು ಅಂಗಡಿಯ ಶೆಲ್ಫಿಗೆ.

ಯೂರೋಪಿನಲ್ಲಿ ಅದೇ ಕಂಪನಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳಲ್ಲಿ ಲೋಸೆಕ್ (ಒಮೆಪ್ರಜೋಲ್‌ಗೆ ಅಲ್ಲಿನ ಹೆಸರು) ಕ್ಯಾಪ್ಸೂಲಿನ ನೋಂದಣಿಯನ್ನೇ ಹಿಂತೆಗೆದುಕೊಂಡು ಮಾತ್ರೆಯ ರೂಪ ತಂದಿತು. ಮೂಲ ಉತ್ಪನ್ನದ ನೋಂದಣಿ ಇಲ್ಲದಿದ್ದರೆ ಜೆನೆರಿಕ್ ಅದನ್ನು ಆಧಾರವಾಗಿ ತೋರಿಸುವುದು ಆಗ ಕಷ್ಟವಿತ್ತು. ಯೂರೋಪಿಯನ್ ಆಯೋಗ 2005ರಲ್ಲಿ 6 ಕೋಟಿ ಯೂರೋ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು 5.25 ಕೋಟಿಗೆ ಇಳಿದು, 2012ರಲ್ಲಿ ಅಂತಿಮವಾಯಿತು. ಜಾಗತಿಕವಾಗಿ ವರ್ಷಕ್ಕೆ 600 ಕೋಟಿ ಡಾಲರಿನಷ್ಟು ಮಾರಾಟ ಕಂಡ ಮಾತ್ರೆಗೆ ಆ ದಂಡ ಯಾವ ಲೆಕ್ಕ!

ಹಾಗಾಗಿ ನಿಮ್ಮ ಹಾಳೆಗೆ ಇನ್ನೊಂದು ಕಲಂ ಸೇರಿಸಿ: ಜೆನೆರಿಕ್ ಬರುವ ದಿನಕ್ಕೆ ಎರಡು ವರ್ಷ ಮುಂಚಿನಿಂದ, ಅದೇ ಕಂಪನಿಯ ಹೊಸ ರೂಪಕ್ಕೆ ಪ್ರತಿ ತ್ರೈಮಾಸಿಕದಲ್ಲಿ ಎಷ್ಟು ಚೀಟಿ ಜಾರಿತು. ಹಳೆಯದರ ಮಾರಾಟ ತಾನಾಗೇ ಇಳಿಯುತ್ತಿದ್ದರೆ, ಜೆನೆರಿಕ್‌ಗೆ ಸಿಗುವ ಮಾರುಕಟ್ಟೆಯನ್ನು ಉತ್ತುಂಗದ ವರ್ಷದಿಂದ ಲೆಕ್ಕ ಹಾಕಬೇಡಿ, ಕೊನೆಯ ತ್ರೈಮಾಸಿಕದಿಂದ ಹಾಕಿ.

ರೋಗವೇ ಬದಲಾದರೆ

1994ರಲ್ಲಿ ಹುಣ್ಣಿನ ಮಾತ್ರೆ ಟ್ಯಾಗಮೆಟ್, ಅಂದರೆ ಸಿಮೆಟಿಡಿನ್, ಅಮೆರಿಕದಲ್ಲಿ ಪೇಟೆಂಟ್ ಕಳೆದುಕೊಂಡಿತು. ಅದೇ ವರ್ಷ ಅಲ್ಲಿನ ಆರೋಗ್ಯ ಸಂಸ್ಥೆಯ ತಜ್ಞರ ಸಭೆ, ಎಚ್. ಪೈಲೋರಿ ಬ್ಯಾಕ್ಟೀರಿಯಾ ಇರುವ ಹುಣ್ಣಿನ ರೋಗಿಗಳಿಗೆ ಆಂಟಿಬಯಾಟಿಕ್ ಕೊಡಬೇಕೆಂದು ಹೇಳಿತು. ಅದನ್ನು ಕಂಡುಹಿಡಿದ ಮಾರ್ಷಲ್ ಮತ್ತು ವಾರೆನ್‌ಗೆ ನೊಬೆಲ್ ಬಂದದ್ದು 2005ರಲ್ಲಿ. ವರ್ಷಗಟ್ಟಲೆ ಮಾತ್ರೆ ಕೊಳ್ಳುತ್ತಿದ್ದ ರೋಗಿ ಎರಡು ವಾರದ ಕೋರ್ಸಿನಲ್ಲಿ ವಾಸಿಯಾಗುವ ಕಾಲ ಅದು. ಆದರೂ ಈ ಗುಂಪಿನ ಮಾರುಕಟ್ಟೆ ಸಾಯಲಿಲ್ಲ, ಏಕೆಂದರೆ ಮಾರಾಟ ಹುಣ್ಣಿನಿಂದ ಎದೆಯುರಿಗೆ, ನೋವಿನ ಮಾತ್ರೆ ನುಂಗುವವರ ಹೊಟ್ಟೆ ಕಾಯುವುದಕ್ಕೆ ಸರಿದಿತ್ತು. ‘ಅಲ್ಸರ್ ಮಾತ್ರೆ’ ಎಂದು ಹೆಸರಿದ್ದರೂ ಬೇಡಿಕೆಯನ್ನು ಹುಣ್ಣಿನ ರೋಗಿಗಳ ಸಂಖ್ಯೆಯಿಂದ ಅಳೆದರೆ ತಪ್ಪುತ್ತೀರಿ.

ಸುರಕ್ಷತೆಯ ಸುದ್ದಿ ಎಲ್ಲ ಲೆಕ್ಕವನ್ನೂ ಒಂದೇ ದಿನ ಅಳಿಸಬಲ್ಲದು. ರಾನಿಟಿಡಿನ್‌ನಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ 2019ರಲ್ಲಿ ಸುದ್ದಿಯಾಯಿತು, 2020ರ ಏಪ್ರಿಲಿನಲ್ಲಿ ಎಫ್‌ಡಿಎ ಎಲ್ಲ ರಾನಿಟಿಡಿನ್ ಮಾರುಕಟ್ಟೆಯಿಂದ ತೆಗೆಯಲು ಹೇಳಿತು. ಬೆಂಗಳೂರಿನ ಸ್ಟ್ರೈಡ್ಸ್ ಕಂಪನಿಯ ಅಮೆರಿಕ ವ್ಯಾಪಾರದಲ್ಲಿ ಅದು ಮುಖ್ಯ ಸರಕಾಗಿತ್ತು. ಹಳೆಯ, ಅಗ್ಗದ, ಪೈಪೋಟಿ ಕಡಿಮೆಯಾದ ಜೆನೆರಿಕ್‌ನಿಂದ ಸ್ಥಿರ ಆದಾಯ ಎಂದು ನೆಚ್ಚುವ ಮೊದಲು, ಒಟ್ಟು ಲಾಭದಲ್ಲಿ ಆ ಒಂದು ಔಷಧದ ಪಾಲೆಷ್ಟು ಎಂದು ಕೇಳಿ.

ಭಾರತದಲ್ಲಿ ಈ ಸೂತ್ರ ನಡೆಯದು

ಇಲ್ಲಿ 1972ರಿಂದ 2005ರವರೆಗೆ ಔಷಧ ವಸ್ತುವಿಗೆ ಪೇಟೆಂಟೇ ಇರಲಿಲ್ಲ. ಡಾ. ರೆಡ್ಡೀಸ್‌ನ ಓಮೆಜ್ 1991ರಲ್ಲೇ ಬಂತು, ಅಮೆರಿಕದಲ್ಲಿ ಜೆನೆರಿಕ್ ಬರುವ ಹನ್ನೊಂದು ವರ್ಷ ಮುಂಚೆ. ಆದ್ದರಿಂದ ನಮ್ಮ ಅಂಗಡಿಯ ಓಮೆಜ್, ಪ್ಯಾನ್ ಎಲ್ಲವೂ ಜೆನೆರಿಕ್‌ಗಳೇ, ಬ್ರಾಂಡ್ ಹೆಸರು ಹೊತ್ತಿವೆ ಅಷ್ಟೆ. ಚೀಟಿಯಲ್ಲಿ ಬರೆದ ಬ್ರಾಂಡನ್ನು ಅಂಗಡಿಯವನು ತಾನಾಗಿ ಬದಲಾಯಿಸುವಂತಿಲ್ಲ. ಹೀಗಾಗಿ ಇಪ್ಪತ್ತು ತಯಾರಕರಿದ್ದರೂ ಬೆಲೆ 95% ಬೀಳುವುದಿಲ್ಲ. ಪೈಪೋಟಿ ಡಾಕ್ಟರ ಪೆನ್ನಿನ ಮಟ್ಟದಲ್ಲಿ ನಡೆಯುತ್ತದೆ, ಕೌಂಟರಿನಲ್ಲಲ್ಲ.

ಬೆಲೆಯನ್ನು ಇಲ್ಲಿ ತಡೆಯುವುದು 2013ರ ಔಷಧ ಬೆಲೆ ನಿಯಂತ್ರಣ ಆದೇಶ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಮಾತ್ರೆಗೆ, 1% ಅಥವಾ ಹೆಚ್ಚು ಮಾರುಕಟ್ಟೆ ಪಾಲಿರುವ ಬ್ರಾಂಡುಗಳ ಅಂಗಡಿ ಖರೀದಿ ಬೆಲೆಯ ಸರಳ ಸರಾಸರಿ ತೆಗೆದು, 16% ಅಂಗಡಿಯ ಲಾಭ ಸೇರಿಸಿದರೆ ಗರಿಷ್ಠ ಬೆಲೆ. ಲೆಕ್ಕ ಮಾಡಿ ನೋಡಿ: ಖರೀದಿ ಬೆಲೆ 5, 6, 7 ರೂಪಾಯಿ ಇರುವ ಮೂರು ಬ್ರಾಂಡುಗಳಿದ್ದರೆ ಸರಾಸರಿ 6, ಮಿತಿ 6.96, ಮೇಲೆ ಜಿಎಸ್‌ಟಿ. 1% ದಾಟಿದ ಬ್ರಾಂಡುಗಳಲ್ಲಿ ದುಬಾರಿಯವೇ ಹೆಚ್ಚಿದ್ದರೆ ಮಿತಿಯೂ ಎತ್ತರದಲ್ಲೇ ನಿಲ್ಲುತ್ತದೆ. ನಂತರ ಪ್ರತಿ ಏಪ್ರಿಲಿನಲ್ಲಿ ಸಗಟು ಬೆಲೆ ಸೂಚ್ಯಂಕದಂತೆ ಅದು ಬದಲಾಗುತ್ತದೆ. ಪಟ್ಟಿಯ ಹೊರಗಿನ ಔಷಧಕ್ಕೆ ವರ್ಷಕ್ಕೆ 10%ವರೆಗೆ ಏರಿಸುವ ಸ್ವಾತಂತ್ರ್ಯವಿದೆ. ಬರೀ ಒಮೆಪ್ರಜೋಲ್‌ಗಿಂತ ವಾಂತಿ ತಡೆಯುವ ಡೊಂಪೆರಿಡೋನ್ ಬೆರೆಸಿದ ಕ್ಯಾಪ್ಸೂಲಿನ ಮೇಲೆ ಕಂಪನಿಗಳಿಗೆ ಅಷ್ಟು ಒಲವು ಏಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಆದ್ದರಿಂದ ಭಾರತದ ಗ್ಯಾಸ್ಟ್ರಿಕ್ ಮಾತ್ರೆ ಕಂಪನಿಯನ್ನು ಅಳೆಯುವಾಗ ಅದರ ಮಾರಾಟವನ್ನು ಎರಡಾಗಿ ಒಡೆಯಿರಿ: ಬೆಲೆ ಮಿತಿಯೊಳಗಿನದು ಎಷ್ಟು, ಹೊರಗಿನ ಮಿಶ್ರಣಗಳು ಎಷ್ಟು. ಬೆಳವಣಿಗೆಯನ್ನು ಮೂರಾಗಿ ಒಡೆಯಿರಿ: ಬೆಲೆ ಏರಿಕೆಯಿಂದ, ಮಾತ್ರೆಯ ಸಂಖ್ಯೆಯಿಂದ, ಹೊಸ ಉತ್ಪನ್ನದಿಂದ. ಈ ಮೂರು ಅಂಕಿಯನ್ನು ಹಲವು ಕಂಪನಿಗಳು ತ್ರೈಮಾಸಿಕ ಸಭೆಯಲ್ಲಿ ಹೇಳುತ್ತವೆ, ಹೇಳದಿದ್ದರೆ ಯಾರಾದರೂ ಕೇಳಿರುತ್ತಾರೆ. ಸಂಖ್ಯೆಯ ಬೆಳವಣಿಗೆ ಸೊನ್ನೆಗಿಂತ ಕೆಳಗಿದ್ದು ಬೆಲೆಯೊಂದೇ ಏರುತ್ತಿದ್ದರೆ ರೆಪ್‌ಗಳು ಚೀಟಿ ಕಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಆ ಔಷಧ ಮುಂದಿನ ಅಗತ್ಯ ಪಟ್ಟಿಗೆ ಸೇರಿದರೆ ಬೆಲೆಯ ಆ ಆಸರೆಯೂ ಹೋಗುತ್ತದೆ.